ಶ್ರದ್ಧೆಯೂ ಪರೀಕ್ಷೆಯೂ



ಜಿನಬಿಂಬದ ಪ್ರತಿಷ್ಠೆಯಾದ ಊರಿನಲ್ಲಿ ಸ್ವಾಧ್ಯಾಯವೂ ಪ್ರತಿಷ್ಠಿತವಾಗಬೇಕು. ಶಾಲೆ ಕಾಲೇಜುಗಳಲ್ಲಿ ಕಲಿತ ತರುಣರು ಬಸದಿಗೆ ಬಂದಾಗ ‘ಇದು ಹೀಗೇಕೆ?’ ಎಂದು ಕೇಳುವುದುಂಟು. ನಿಃಶಂಕಿತವೇ ಸಮ್ಯಗ್ದರ್ಶನದ ಮೊದಲ ಅಂಗವೆಂದು ನೆನಪಿಸಿ, ಹಿರಿಯರಲ್ಲಿ ಕೆಲವರು ಆ ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಅಮೂಢದೃಷ್ಟಿಯೂ ಅದೇ ಎಂಟು ಅಂಗಗಳಲ್ಲಿ ಒಂದು. ಮೂಢತೆ ಉಳಿದಿರುವಾಗ ಶಂಕೆ ಕಳೆಯಿತೆಂದರೆ ಅದು ಬಾಯಿ ಮುಚ್ಚಿದ ಶಂಕೆಯಷ್ಟೆ.

ಪೂಜ್ಯ ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಹಿಡಿದ ದಾರಿಯನ್ನು ನೋಡಬೇಕು. ದೇವತೆಗಳ ಆಗಮನ, ಆಕಾಶಗಮನ ಮೊದಲಾದ ವೈಭವಗಳು ಐಂದ್ರಜಾಲಿಕರಲ್ಲಿಯೂ ಕಾಣಬಹುದಾದುದರಿಂದ, ಅವು ಪೂಜ್ಯತೆಗೆ ಆಧಾರವಾಗಲಾರವೆಂದು ಅವರು ಆರಂಭದಲ್ಲಿಯೇ ತೆಗೆದುಹಾಕುತ್ತಾರೆ. ಬಳಿಕ ದೋಷಾವರಣಗಳ ಕ್ಷಯವನ್ನೂ, ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ ವಚನವನ್ನೂ ಪ್ರಮಾಣವಾಗಿಟ್ಟು ಆಪ್ತನನ್ನು ನಿರ್ಣಯಿಸುತ್ತಾರೆ. ಸ್ವಂತ ಆರಾಧ್ಯನನ್ನೇ ಪರೀಕ್ಷೆಗೆ ಒಡ್ಡಿದ ಆಚಾರ್ಯರ ಭಕ್ತಿ ಕುಂದಲಿಲ್ಲ. ಅದಕ್ಕೆ ತಳಹದಿ ದೊರೆಯಿತು.

ಧರ್ಮವಿಚಾರಕ್ಕೆ ಸಲ್ಲುವ ಈ ಕ್ರಮ ಲೌಕಿಕ ವಿದ್ಯೆಗಳಿಗೂ ಸಲ್ಲುತ್ತದೆ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಸಂಗೀತ, ನಾಟ್ಯ, ಪಾಕ, ವೈದ್ಯ, ವಾಸ್ತು, ತರ್ಕ, ವ್ಯಾಕರಣಗಳೆಲ್ಲಕ್ಕೂ ಗಣಿತವು ಬೇಕೆಂದು ಅವರು ಗ್ರಂಥದ ಆದಿಯಲ್ಲಿ ಸಾರಿದ್ದಾರೆ. ವಿದ್ಯೆಗಳು ಬೇರೆಬೇರೆಯಾದರೂ ಅವುಗಳ ಬುಡದಲ್ಲಿರುವ ವಿಚಾರ ಒಂದೇ ಎಂಬುದು ಅವರಿಗೆ ತಿಳಿದಿತ್ತು.

ಆ ಗ್ರಂಥದಿಂದಲೇ ಎರಡು ನಿದರ್ಶನಗಳನ್ನು ತೆಗೆದುಕೊಳ್ಳಬಹುದು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆಚಾರ್ಯರು ಹೇಳಿದರು. 3ನ್ನು 3ರಿಂದ ಗುಣಿಸಿದರೆ 9. ಋಣ 3ನ್ನು ಋಣ 3ರಿಂದ ಗುಣಿಸಿದರೂ 9. ಯಾವುದರ ವರ್ಗವೂ ಋಣವಾಗದಿರುವಾಗ ಋಣಕ್ಕೆ ವರ್ಗಮೂಲವೆಲ್ಲಿಯದು? ಇದು ಮೂಲದಿಂದ ಹೊರಟ ನಿರ್ಣಯ. 1572ರಲ್ಲಿ ಇಟಲಿಯ ಬೊಂಬೆಲ್ಲಿಯು ಹೊಸಬಗೆಯ ಸಂಖ್ಯೆಗಳಿಗೆ ನಿಯಮಗಳನ್ನು ಹೇಳಿ, ಅಂತಹ ವರ್ಗಮೂಲಗಳನ್ನೂ ಲೆಕ್ಕಕ್ಕೆ ತಂದನು. ಅದರಿಂದ ಆಚಾರ್ಯರ ಮಾತು ಸುಳ್ಳಾಗಲಿಲ್ಲ. ಅವರು ಅಂಗೀಕರಿಸಿದ ಸಂಖ್ಯೆಗಳ ಅಪೇಕ್ಷೆಯಿಂದ ಅದು ಇಂದಿಗೂ ಸತ್ಯ. ಯಾವ ಅಪೇಕ್ಷೆಯಿಂದ ಈ ಮಾತು ಎಂದು ಕೇಳಲು ಕಲಿಸುವುದೇ ನಯವಾದವಲ್ಲವೆ?

ಇನ್ನೊಂದೆಡೆ, ಶೂನ್ಯದಿಂದ ಭಾಗಿಸಿದ ಸಂಖ್ಯೆಯು ವಿಕಾರ ಹೊಂದದೆ ಹಾಗೆಯೇ ಉಳಿಯುವುದೆಂದು ಗ್ರಂಥದಲ್ಲಿದೆ. ಭಾಗಾಕಾರವು ಗುಣಾಕಾರದ ವಿಲೋಮ. 12ನ್ನು 3ರಿಂದ ಭಾಗಿಸಿದರೆ 4, ಏಕೆಂದರೆ 4ನ್ನು 3ರಿಂದ ಗುಣಿಸಿದರೆ 12. 12ನ್ನು ಶೂನ್ಯದಿಂದ ಭಾಗಿಸಿ 12 ಬರುವುದಾದರೆ, 12ನ್ನು ಶೂನ್ಯದಿಂದ ಗುಣಿಸಿದಾಗಲೂ 12 ಬರಬೇಕು. ಆದರೆ ಶೂನ್ಯದಿಂದ ಗುಣಿಸಿದರೆ ಶೂನ್ಯವೆಂದು ಅದೇ ಗ್ರಂಥ ಹೇಳುತ್ತದೆ. ಇಲ್ಲಿ ಅಪೇಕ್ಷೆಯ ಭೇದವಿಲ್ಲ, ಪರಸ್ಪರ ವಿರೋಧವಿದೆ. ಹೈಸ್ಕೂಲಿನ ಬಾಲಕಿಯೂ ಇದನ್ನು ತೋರಿಸಿಕೊಡಬಲ್ಲಳು. ಹಾಗೆ ತೋರಿಸಿದವಳು ಆಚಾರ್ಯರನ್ನು ಅವಮಾನಿಸಿದಂತಾಗದು. ಅವರು ಕಲಿಸಿದ ಗಣಿತವನ್ನು ಅವರ ಗ್ರಂಥಕ್ಕೇ ಅನ್ವಯಿಸಿದಂತಾಗುವುದು.

ಎಲ್ಲ ಭೇದಗಳನ್ನೂ ‘ಅನೇಕಾಂತ’ವೆಂದು ಒಪ್ಪಿಬಿಡುವುದೂ, ಎಲ್ಲ ಪ್ರಶ್ನೆಗಳನ್ನೂ ‘ಶಂಕೆ’ಯೆಂದು ತಳ್ಳಿಬಿಡುವುದೂ ವಿಚಾರದ ಆಲಸ್ಯಗಳೇ. ಅಪೇಕ್ಷೆ ಯಾವುದು, ಆಧಾರವೇನು, ಮುಂದೆ ಹೇಳಿದ್ದಕ್ಕೆ ಹಿಂದೆ ಹೇಳಿದ್ದು ಹೊಂದುವುದೆ ಎಂಬ ಮೂರು ಪ್ರಶ್ನೆಗಳನ್ನು ಅಂಗಡಿಯ ಲೆಕ್ಕದಲ್ಲಿಯೂ, ವೈದ್ಯನ ಸಲಹೆಯಲ್ಲಿಯೂ, ಪ್ರವಚನದಲ್ಲಿಯೂ ಸಮನಾಗಿ ಕೇಳುವವನು ಸುಲಭವಾಗಿ ಮೋಸಹೋಗನು.

ಈ ನೂತನ ಬಸದಿಯಲ್ಲಿ ವಾರಕ್ಕೊಮ್ಮೆಯಾದರೂ ಸ್ವಾಧ್ಯಾಯ ನಡೆಯಲಿ. ಪಠಣವಾದ ಮೇಲೆ ಮಕ್ಕಳಿಗೆ ಪ್ರಶ್ನೆ ಕೇಳಲು ಅವಕಾಶವಿರಲಿ. ಹಿರಿಯರು ಉತ್ತರ ಹೊಳೆಯದಿದ್ದಾಗ ಕೋಪಗೊಳ್ಳದೆ ಗ್ರಂಥವನ್ನು ಬಿಚ್ಚಲಿ. ಸಮಂತಭದ್ರರ ಪರಂಪರೆಗೆ ಅದಕ್ಕಿಂತ ಮಿಗಿಲಾದ ಅರ್ಘ್ಯವಿಲ್ಲ.

ಸರ್ವರಿಗೂ ಮಂಗಳವಾಗಲಿ.