ಕಾರಿನಲ್ಲಿ ಕೂಸಿನ ಕುರ್ಚಿ



ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ನಮ್ಮ ಹಿರಿಯರು ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದರು. ಎತ್ತುಗಳು ಎಷ್ಟು ಓಡಿದರೂ ಕೂಸಿಗೆ ತಾಯಿಯ ತೊಡೆಯೇ ಸಾಕಾಗುತ್ತಿತ್ತು. ಇಂದು ಬೈಲಹೊಂಗಲದಿಂದಲೋ ರಾಮದುರ್ಗದಿಂದಲೋ ಅದೇ ಗುಡ್ಡಕ್ಕೆ ಕಾರಿನಲ್ಲಿ ಹೊರಡುತ್ತೇವೆ. ಕಿತ್ತೂರಿನ ಬಳಿ ಹೆದ್ದಾರಿ ಸೇರಿದರಂತೂ ವೇಗದ ಅರಿವೇ ಉಳಿಯುವುದಿಲ್ಲ. ವಾಹನವೇನೋ ಬದಲಾಯಿತು, ಕೂಸನ್ನು ಕೂರಿಸುವ ರೀತಿ ಬದಲಾಯಿತೆ?

ಈ ತಪ್ಪಿಗೆ ನಾನೂ ಹೊರತಲ್ಲ. ಒಮ್ಮೆ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಆಸನದಲ್ಲಿ ಕುಳಿತೆ. "ಮಾವಾರ, ಹಿಂದ ಆಕಿ ಕುರ್ಚಿ ಐತ್ರಿ, ಅದರಾಗ ಕೂಡಸ್ರಿ" ಎಂದಳು ಸೊಸೆ. "ನನ್ನ ಕೈಗಿಂತ ಗಟ್ಟಿ ಏನೈತಿ ಅದು?" ಎಂದು ನಕ್ಕುಬಿಟ್ಟೆ. ಊರು ದಾಟುವಷ್ಟರಲ್ಲಿ ಎಮ್ಮೆಯೊಂದು ಅಡ್ಡ ಬಂದಿತು. ಮಗ ಬ್ರೇಕು ಒತ್ತಿದ. ಕೂಸು ನನ್ನ ಕೈ ಜಾರಿ ಮುಂದಕ್ಕೆ ಬಡಿಯಿತು. ಹಣೆಯ ಮೇಲೆ ಬುಗುಟೆ ಎದ್ದಿತು. ಕಾರು ನಿಧಾನವಾಗಿದ್ದುದರಿಂದ ಅಷ್ಟಕ್ಕೇ ಉಳಿಯಿತು.

ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ ಸುಮಾರು 10 ಮೀಟರು ಎತ್ತರದಿಂದ, ಎಂದರೆ ಮೂರಂತಸ್ತಿನ ಮಾಳಿಗೆಯಿಂದ ಬಿದ್ದಂತೆ. ಆ ಗಳಿಗೆಯಲ್ಲಿ ಭೀಮನ ತೋಳೂ ಕೂಸನ್ನು ಹಿಡಿಯಲಾರದು.

ಸ್ವೀಡನ್ ದೇಶದ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರು 1964ರಲ್ಲಿ, ಗಗನಯಾತ್ರಿಗಳ ಆಸನದಿಂದ ಸ್ಫೂರ್ತಿ ಪಡೆದು, ಹಿಂಬದಿಗೆ ಮುಖ ಮಾಡಿದ ಮಕ್ಕಳ ಕುರ್ಚಿಯೊಂದನ್ನು ರಚಿಸಿದರು. ಕೂಸಿನ ತಲೆ ಭಾರ, ಕೊರಳು ಎಳಸು. ಹಿಮ್ಮುಖವಾಗಿ ಕುಳಿತರೆ ಆಘಾತವನ್ನು ಇಡೀ ಬೆನ್ನು ಹಂಚಿಕೊಳ್ಳುತ್ತದೆ. ಆದುದರಿಂದ ಕಡಿಮೆಯೆಂದರೂ 15 ತಿಂಗಳವರೆಗೆ, ಕುರ್ಚಿಯ ಅಳತೆ ಒಪ್ಪಿದರೆ ಇನ್ನೂ ಹೆಚ್ಚು ಕಾಲ, ಹಿಮ್ಮುಖವೇ ಲೇಸು.

ಕುರ್ಚಿ ಕೊಂಡು ತಂದರೆ ಸಾಲದು; ಅದನ್ನು ಬಿಗಿಯುವುದರಲ್ಲಿಯೇ ಇದೆ ಜಾಣ್ಮೆ. ಅದನ್ನು ಹಿಂದಿನ ಆಸನದಲ್ಲಿಡಿರಿ. ಏರ್‌ಬ್ಯಾಗ್ ಇರುವ ಮುಂದಿನ ಆಸನದಲ್ಲಿ ಹಿಮ್ಮುಖ ಕುರ್ಚಿ ಸರ್ವಥಾ ಕೂಡದು. ಚೀಲ ಉಬ್ಬಿ ಬಡಿದರೆ ಕೂಸಿನ ಪ್ರಾಣಕ್ಕೇ ಸಂಚಕಾರ. ಕಾರಿನಲ್ಲಿ ಐಸೋಫಿಕ್ಸ್ ಕೊಂಡಿಗಳಿದ್ದು ಕುರ್ಚಿಯೂ ಅದಕ್ಕೆ ಹೊಂದುವುದಾದರೆ 'ಟಕ್' ಎನ್ನುವವರೆಗೆ ಸಿಕ್ಕಿಸಿರಿ. ಮೇಲುಪಟ್ಟಿಯನ್ನೋ ಆಧಾರದ ಕಾಲನ್ನೋ ಮರೆಯಬೇಡಿರಿ. ಕೊಂಡಿಗಳಿಲ್ಲವಾದರೆ ಕಾರಿನ ಬೆಲ್ಟನ್ನು ಕುರ್ಚಿಯ ಮೇಲೆ ಗುರುತಿಸಿದ ದಾರಿಯಲ್ಲಿಯೇ ಹಾಯಿಸಿ, ಮೊಣಕಾಲಿನಿಂದ ಕುರ್ಚಿಯನ್ನು ಅದುಮಿ, ಸಡಿಲವನ್ನೆಲ್ಲ ಎಳೆದು ಬಿಗಿಯಿರಿ. ಆಮೇಲೆ ಬೆಲ್ಟು ಹಾಯ್ದ ಜಾಗದಲ್ಲಿ ಹಿಡಿದು ಅಲುಗಿಸಿರಿ. ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಮತ್ತೊಮ್ಮೆ ಬಿಗಿಯಿರಿ. ಕೂಸನ್ನು ಮಲಗಿಸುವ ಮುನ್ನ ತೊಟ್ಟಿಲ ಹಗ್ಗವನ್ನು ಜಗ್ಗಿ ನೋಡುವ ನಮ್ಮ ತಾಯಂದಿರಿಗೆ ಇದನ್ನು ಹೇಳಿಕೊಡಬೇಕೆ?

ಎಳೆಗೂಸಿನ ತಲೆ ಎದೆಯ ಮೇಲೆ ಬಾಗದಂತೆ ಕುರ್ಚಿ ಒರಗಿರಬೇಕು. ಬಾಗಿದರೆ ಉಸಿರು ಕಟ್ಟೀತು. ಹೆಗಲಪಟ್ಟಿ ಹಿಮ್ಮುಖ ಕುರ್ಚಿಯಲ್ಲಿ ಹೆಗಲಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ಮುಮ್ಮುಖದಲ್ಲಿ ಹೆಗಲಿನ ಮಟ್ಟಕ್ಕೆ ಅಥವಾ ತುಸು ಮೇಲೆ ಇರಲಿ. ಹೆಗಲ ಬಳಿ ಪಟ್ಟಿಯನ್ನು ಚಿವುಟಿದರೆ ಮಡಿಕೆ ಸಿಗಬಾರದು. ದಪ್ಪ ಕುಲಾವಿ, ಕಂಬಳಿಗಳನ್ನು ಪಟ್ಟಿಯ ಒಳಗೆ ಸೇರಿಸಬೇಡಿರಿ. ಬೇಕಾದರೆ ಮೇಲೆ ಹೊದಿಸಿರಿ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ರಕ್ಷಣಾ ಆಸನದಲ್ಲಿ ಭದ್ರಪಡಿಸದೆ ಒಯ್ದರೆ 1,000 ರೂಪಾಯಿ ದಂಡವುಂಟು. ದಂಡದ ಭಯಕ್ಕಿಂತ ಆ ಬುಗುಟೆಯ ನೆನಪೇ ನನಗೆ ದೊಡ್ಡದು.

ಈಗ ನಮ್ಮ ಕಾರು ಹೊರಡುವ ಮುನ್ನ ಕೂಸಿನ ಪಟ್ಟಿ ಎಳೆದು ನೋಡುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ನಿಮ್ಮ ಮನೆಯ ಅಜ್ಜಂದಿರೂ ವಹಿಸಿಕೊಳ್ಳಲಿ.