ಮರಿಯಲ್ ಬಾಯ್‌ಗೆ ಒಂದು ಹೈಸ್ಕೂಲು



ಯುದ್ಧದಲ್ಲಿ ನೊಂದ ಮಕ್ಕಳು ಎಂದ ಕೂಡಲೇ ನಮಗೆ ನೆನಪಾಗುವುದು ಅನ್ನ, ಬಟ್ಟೆ, ಔಷಧ, ಅನಾಥಾಲಯ. ಅಂಥ ಮಕ್ಕಳಲ್ಲೇ ಒಬ್ಬರಾಗಿದ್ದವರು ದೊಡ್ಡವರಾಗಿ, ಕೈಗೆ ಒಂದಿಷ್ಟು ಹಣ ಬಂದಾಗ ತಮ್ಮ ಊರಿಗೆ ಏನು ಮಾಡಿದರು? ದಕ್ಷಿಣ ಸುಡಾನಿನ ವ್ಯಾಲೆಂಟಿನೊ ಅಚಕ್ ಡೆಂಗ್ ಒಂದು ಹೈಸ್ಕೂಲು ಕಟ್ಟಿಸಿದರು. ಬೇರೇನೂ ಅಲ್ಲದೆ ಹೈಸ್ಕೂಲೇ ಯಾಕೆ ಎನ್ನುವುದು ಇವತ್ತಿನ ನನ್ನ ವಿಷಯ.

ಅವರ ಊರು ಮರಿಯಲ್ ಬಾಯ್. ದೇಶದ ವಾಯವ್ಯ ಮೂಲೆಯಲ್ಲಿ, ಸುಡಾನಿನ ಗಡಿಗೆ ಹತ್ತಿರ, ದನಗಳೇ ಆಸ್ತಿಯಾಗಿರುವ ಡಿಂಕಾ ಜನರ ಸೀಮೆಯಲ್ಲಿದೆ. 1983ರಲ್ಲಿ, ಇನ್ನೂ ಒಂದೇ ದೇಶವಾಗಿದ್ದ ಸುಡಾನಿನ ಅಧ್ಯಕ್ಷ ನಿಮೇರಿ ದಕ್ಷಿಣದ ಸ್ವಾಯತ್ತತೆಯನ್ನು ಕಿತ್ತುಹಾಕಿ ಇಡೀ ದೇಶಕ್ಕೆ ಷರಿಯಾ ಕಾನೂನು ಹೇರಿದರು. ಜಾನ್ ಗರಾಂಗ್ ಮುಂದಾಳತ್ವದಲ್ಲಿ ದಕ್ಷಿಣದವರು ಬಂಡೆದ್ದರು. ಖಾರ್ಟೂಮಿನ ಸರ್ಕಾರ ಸೈನ್ಯದ ಜತೆಗೆ ಮುರಾಹಲೀನ್ ಎಂಬ ಕುದುರೆ ಸವಾರರ ಪಡೆಗಳ ಕೈಗೂ ಬಂದೂಕು ಕೊಟ್ಟಿತು. ಅವರು ಡಿಂಕಾ ಹಳ್ಳಿಗಳ ಗುಡಿಸಲು ಸುಟ್ಟರು, ದನ ಹೊಡೆದುಕೊಂಡು ಹೋದರು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಎಳೆದೊಯ್ದರು. ದನ ಕಾಯಲು ಊರಾಚೆ ಹೋಗಿದ್ದ ಹುಡುಗರು ಎಷ್ಟೋ ಕಡೆ ಆ ಒಂದೇ ಕಾರಣಕ್ಕೆ ಬದುಕುಳಿದರು. ಮರಳಿ ಹೋಗಲು ಮನೆಗಳೇ ಇರಲಿಲ್ಲ. ಗುಂಪುಗುಂಪಾಗಿ ಪೂರ್ವಕ್ಕೆ, ಇಥಿಯೋಪಿಯಾದತ್ತ ನಡೆದರು. ಹೀಗೆ ನಡೆದ ಮಕ್ಕಳು ಸುಮಾರು 20,000 ಎಂದು ಅಂದಾಜು. ವ್ಯಾಲೆಂಟಿನೊ ಅವರಲ್ಲೊಬ್ಬ ಚಿಕ್ಕ ಹುಡುಗ. ದಾರಿಯುದ್ದಕ್ಕೂ ಹಸಿವು, ಬಾಯಾರಿಕೆ, ಕಾಡುಮೃಗ. ಜತೆಗಾರರು ಒಬ್ಬೊಬ್ಬರಾಗಿ ಕುಸಿದು ಬಿದ್ದರು. ಹೂಳುವವರೂ ಮಕ್ಕಳೇ.

ಇಥಿಯೋಪಿಯಾದ ಪಿನ್ಯುಡೊ ಶಿಬಿರದಲ್ಲಿ ಅವರು ಮರದ ಕೆಳಗೆ ಕೂತು, ಮಣ್ಣಿನಲ್ಲಿ ಕಡ್ಡಿಯಿಂದ ಗೀಚುತ್ತ ಅಕ್ಷರ ಕಲಿತರು. ಅದೇ ಶಿಬಿರದಲ್ಲಿ ಬಂಡುಕೋರ ಸೈನ್ಯ ಹುಡುಗರಿಗೆ ಕವಾಯತನ್ನೂ ಕಲಿಸುತ್ತಿತ್ತು ಎಂಬುದನ್ನು ಮರೆಯಬಾರದು. ಒಂದೇ ಮಗುವಿಗೆ ಬೆಳಿಗ್ಗೆ ಅಕ್ಷರ, ಆಮೇಲೆ ಬಂದೂಕು. ಯಾವುದು ಗೆಲ್ಲುತ್ತದೆ ಎಂಬುದು ಆ ಮಗುವಿನ ಒಳ್ಳೆಯತನದ ಮೇಲೆ ನಿಂತ ವಿಷಯವಲ್ಲ. ಮೇಷ್ಟರು ನಾಳೆಯೂ ಬರುತ್ತಾರೋ ಇಲ್ಲವೋ ಎಂಬುದರ ಮೇಲೆ ನಿಂತದ್ದು.

1991ರ ಮೇ ತಿಂಗಳಲ್ಲಿ ಇಥಿಯೋಪಿಯಾದ ಮೆಂಗಿಸ್ಟು ಸರ್ಕಾರ ಉರುಳಿತು. ಅದರ ಆಶ್ರಯದಲ್ಲಿದ್ದ ಸುಡಾನಿಗಳನ್ನು ಬಂದೂಕು ತೋರಿಸಿ ಹೊರದೂಡಿದರು. ಮಳೆಗಾಲಕ್ಕೆ ತುಂಬಿ ಹರಿಯುತ್ತಿದ್ದ ಗಿಲೊ ನದಿ ಎದುರಿಗೆ, ಹಿಂದೆ ಗುಂಡು. ಈಜು ಬಾರದವರು ಮುಳುಗಿದರು, ಕೆಲವರು ಗುಂಡಿಗೆ ಬಿದ್ದರು, ಕೆಲವರನ್ನು ಮೊಸಳೆ ಎಳೆಯಿತು. ಉಳಿದವರು ಮತ್ತೆ ಸುಡಾನಿನ ನೆಲ ದಾಟಿ, 1992ರಲ್ಲಿ ಕೀನ್ಯಾದ ಕಕುಮಾ ತಲುಪಿದರು. ತುರ್ಕಾನಾ ಸೀಮೆಯ ಆ ಒಣ ಬಯಲಿನಲ್ಲಿ ಧೂಳು ಮತ್ತು ಬಿಸಿಲು ಬಿಟ್ಟರೆ ಕೊರತೆಯಿಲ್ಲದ್ದು ಯಾವುದೂ ಇರಲಿಲ್ಲ. ಆದರೆ ಶಾಲೆ ಇತ್ತು. ಓದೇ ನಮ್ಮ ತಾಯಿ, ಓದೇ ನಮ್ಮ ತಂದೆ ಎನ್ನುವ ಮಾತು ಆ ಹುಡುಗರಲ್ಲಿ ಬಳಕೆಗೆ ಬಂತು. ನಾವು ಗೋಡೆಯ ಮೇಲೆ ಬರೆಸುವ ಸುಭಾಷಿತದಂತೆ ಅದನ್ನು ಕೇಳಬೇಡಿ. ಅಪ್ಪ ಅಮ್ಮ ಇದ್ದಾರೋ ಇಲ್ಲವೋ ತಿಳಿಯದ ಮಕ್ಕಳು ಆಡಿದ ಮಾತು ಅದು.

2000-01ರಲ್ಲಿ ಅಮೆರಿಕ ಈ ಯುವಕರಲ್ಲಿ ಸುಮಾರು 3,800 ಮಂದಿಗೆ ಬಾಗಿಲು ತೆರೆಯಿತು. 2001ರಲ್ಲಿ ವ್ಯಾಲೆಂಟಿನೊ ಅಟ್ಲಾಂಟಾಕ್ಕೆ ಹೋದರು. ಅಲ್ಲಿ ಲೇಖಕ ಡೇವ್ ಎಗ್ಗರ್ಸ್ ಅವರ ಪರಿಚಯವಾಯಿತು. 2003ರಲ್ಲಿ ಇಬ್ಬರೂ ಮರಿಯಲ್ ಬಾಯ್‌ಗೆ ಹೋಗಿಬಂದರು. ವರ್ಷಗಟ್ಟಲೆ ನಡೆದ ಮಾತುಕತೆ 2006ರಲ್ಲಿ 'ವಾಟ್ ಈಸ್ ದ ವಾಟ್' ಎಂಬ ಕಾದಂಬರಿಯಾಯಿತು. ಅದರಿಂದ ಬಂದ ಹಣ ವ್ಯಾಲೆಂಟಿನೊ ಹೆಸರಿನ ಪ್ರತಿಷ್ಠಾನಕ್ಕೆ ಹೋಯಿತು. ಆ ಪ್ರತಿಷ್ಠಾನ 2009ರಲ್ಲಿ ಮರಿಯಲ್ ಬಾಯ್‌ನಲ್ಲಿ ಹೈಸ್ಕೂಲು ತೆರೆಯಿತು. ತನ್ನ ಸಂಕಟದ ಕತೆಯನ್ನು ಮಾರಿ ಬಂದ ಹಣದಲ್ಲಿ ಅಟ್ಲಾಂಟಾದಲ್ಲಿ ಒಂದು ಮನೆ ಕೊಂಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅದಕ್ಕಾಗಿಯೇ ಈ ಮನುಷ್ಯನ ಬಗ್ಗೆ ನನಗೆ ಇಷ್ಟು ಗೌರವ.

ಅವರೊಬ್ಬರೇ ಅಲ್ಲ. ಅದೇ ದಾರಿ ನಡೆದ ಸಾಲ್ವಾ ಡಟ್, 1985ರಲ್ಲಿ 11 ವರ್ಷದವರಿದ್ದಾಗ ಊರು ಬಿಟ್ಟವರು. ಎಷ್ಟೋ ವರ್ಷದ ಮೇಲೆ ತಂದೆಯನ್ನು ಕಂಡಾಗ ಆ ತಂದೆ ಕೊಳಕು ನೀರು ಕುಡಿದು ಕಾಯಿಲೆ ಬಿದ್ದಿದ್ದರು. 2003ರಲ್ಲಿ ಸಾಲ್ವಾ ಕೊಳವೆಬಾವಿ ಕೊರೆಸುವ ಸಂಸ್ಥೆ ಕಟ್ಟಿದರು. ಹೊರಗಿನಿಂದ ಬಂದವರು ಏನು ಕೊಡಬೇಕೆಂದು ಸಮೀಕ್ಷೆ ಮಾಡಿ ತಿಳಿಯುತ್ತಾರೆ. ಇವರಿಗೆ ಅದು ಮೈಮೇಲೆ ಬಂದು ತಿಳಿದದ್ದು.

ಈಗ ಹೈಸ್ಕೂಲಿನ ವಿಷಯಕ್ಕೆ ಬರುತ್ತೇನೆ. ದಕ್ಷಿಣ ಸುಡಾನಿನಲ್ಲಿ ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಹೈಸ್ಕೂಲು. 2011ರ ಜುಲೈ 9ರಂದು ದೇಶ ಸ್ವತಂತ್ರವಾದಾಗ ಓದುಬರಹ ಬಲ್ಲ ವಯಸ್ಕರು ನೂರಕ್ಕೆ 27. ಹೆಂಗಸರಲ್ಲಿ ಇನ್ನೂ ಕಡಿಮೆ, 16. ದಾನಿಗಳ ಹಣ ಹೆಚ್ಚಾಗಿ ಹರಿಯುತ್ತಿದ್ದದ್ದು ಪ್ರಾಥಮಿಕ ಶಾಲೆಗೆ. ಆದರೆ ಹೈಸ್ಕೂಲೇ ಇಲ್ಲದ ಸೀಮೆಯಲ್ಲಿ ಪ್ರಾಥಮಿಕ ಶಾಲೆಗೆ ಮೇಷ್ಟರು ಎಲ್ಲಿಂದ ಬರಬೇಕು? ದಾದಿಯರು ಎಲ್ಲಿಂದ? ಎಂಟನೇ ತರಗತಿ ಮುಗಿಸಿದ ಹುಡುಗನ ಮುಂದೆ ಉಳಿಯುವುದು ದನ ಕಾಯುವುದು, ಇಲ್ಲವೇ ಯಾವುದಾದರೂ ಪಡೆ ಸೇರುವುದು. ಹದಿನೈದರಿಂದ ಇಪ್ಪತ್ತರ ನಡುವಿನ ಆ ವಯಸ್ಸೇ ಸೈನ್ಯಗಳಿಗೆ ಬೇಕಾದ ವಯಸ್ಸು. ವ್ಯಾಲೆಂಟಿನೊ ಕೈಹಾಕಿದ್ದು ಸರಿಯಾಗಿ ಆ ಜಾಗಕ್ಕೆ.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕು. ಅಮೆರಿಕಕ್ಕೆ ಹೋದ ಆ ಸುಮಾರು 3,800ರಲ್ಲಿ ಹುಡುಗಿಯರು 89 ಮಾತ್ರ. ಶಿಬಿರಕ್ಕೆ ಬಂದ ಅನಾಥ ಹುಡುಗಿಯರನ್ನು ಯಾವುದಾದರೊಂದು ಮನೆಗೆ ಸೇರಿಸಿಬಿಡುತ್ತಿದ್ದರು. ಹಾಗಾಗಿ ದಿಕ್ಕಿಲ್ಲದ ಮಕ್ಕಳ ಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ. ಆ ಮನೆಗಳಲ್ಲಿ ನೀರು ಹೊತ್ತು, ಸೌದೆ ತಂದು, ಕೂಸುಗಳನ್ನು ಎತ್ತಿ ಬೆಳೆದರು. ಮದುವೆಯ ವಯಸ್ಸು ಬಂದಾಗ ತೆರ ಪಡೆದದ್ದು ಸಾಕಿದವರು. ಡಿಂಕಾ ಮದುವೆಯಲ್ಲಿ ಗಂಡಿನ ಕಡೆಯವರು ದನಗಳನ್ನು ತೆರವಾಗಿ ಕೊಡುತ್ತಾರೆ. ಬಡ ಮನೆಗೆ ಹದಿನಾರರ ಮಗಳೆಂದರೆ ಹಟ್ಟಿ ತುಂಬುವ ಭರವಸೆ. ಅಂಥ ತಂದೆಯ ಮುಂದೆ ನಿಂತು, ನಾಲ್ಕು ವರ್ಷ ಕಾಯಿರಿ, ಓದಲಿ ಎನ್ನುವುದಕ್ಕೆ ಹೊರಗಿನವರ ಬಾಯಿ ಸಾಲದು. ಅದೇ ಹಟ್ಟಿಯ ಮಗ, ಅದೇ ಭಾಷೆಯಲ್ಲಿ, ಹಿರಿಯರ ಜತೆ ಮರದ ನೆರಳಲ್ಲಿ ಕೂತು ಹೇಳಿದರೆ ಕೇಳಿಯಾರು. ಊರಿಗೆ ಮರಳಿದ ನಿರಾಶ್ರಿತನಿಗಿರುವ ದೊಡ್ಡ ಬಂಡವಾಳ ಇದೇ ಎಂದು ನಾನು ನಂಬಿದ್ದೇನೆ. ಹಣವನ್ನು ಯಾರು ಬೇಕಾದರೂ ತರಬಹುದು.

ಕಟ್ಟಿದ ಮೇಲೆ ನಡೆಸುವುದು ಇನ್ನೂ ಕಷ್ಟ. 2013ರ ಡಿಸೆಂಬರಿನಲ್ಲಿ ಹೊಸ ದೇಶದೊಳಗೇ ಯುದ್ಧ ಹೊತ್ತಿಕೊಂಡಿತು. ಆ ತಿಂಗಳ 19ರಂದು ಅಕೋಬೊದ ವಿಶ್ವಸಂಸ್ಥೆಯ ನೆಲೆಗೆ ಆಶ್ರಯ ಬೇಡಿ ಬಂದವರನ್ನು ಕಾಯುತ್ತ ನಮ್ಮ ಭಾರತೀಯ ಸೈನಿಕರಿಬ್ಬರು ಪ್ರಾಣ ಕೊಟ್ಟರು. ಮರಿಯಲ್ ಬಾಯ್ ಇರುವ ಸೀಮೆಗೆ ಗುಂಡಿನ ಬಿಸಿ ಅಷ್ಟಾಗಿ ತಟ್ಟಲಿಲ್ಲ, ತಟ್ಟಿದ್ದು ಬೆಲೆಗಳ ಬಿಸಿ. 2015ರ ಡಿಸೆಂಬರಿನಲ್ಲಿ ಸರ್ಕಾರ ನಾಣ್ಯದ ಹಿಡಿತ ಬಿಟ್ಟಿತು. ಡಾಲರಿಗೆ ಮೂರು ಪೌಂಡಿನಷ್ಟಿದ್ದ ಸರ್ಕಾರಿ ದರ ಒಮ್ಮೆಗೇ ಹದಿನೆಂಟು ದಾಟಿ, ಮುಂದೆ ಇನ್ನೂ ಕುಸಿಯಿತು. ಮೇಷ್ಟರ ಸಂಬಳದಲ್ಲಿ ಒಂದು ಚೀಲ ಜೋಳ ಕೊಳ್ಳುವುದೂ ಕಷ್ಟವಾಯಿತು. ದೇಶದ ಎಷ್ಟೋ ಶಾಲೆಗಳಲ್ಲಿ ಮೇಷ್ಟರು ಕೆಲಸ ಬಿಟ್ಟು ಬೇರೆ ದಾರಿ ಹುಡುಕಿಕೊಂಡರು. ಗೋಡೆ, ಸೂರು, ಕಪ್ಪುಹಲಗೆ ಎಲ್ಲ ಇದ್ದೂ ಪಾಠ ನಿಂತುಹೋಯಿತು.

ನಾವು ಇಲ್ಲಿಂದ ದಕ್ಷಿಣ ಸುಡಾನಿಗೆ ಕೊಡುತ್ತೇವೋ, ಬೇರೆ ಯಾವುದಾದರೂ ನೊಂದ ನಾಡಿಗೆ ಕೊಡುತ್ತೇವೋ, ಕೊಡುವ ಮುನ್ನ ಎರಡು ಪ್ರಶ್ನೆ ಕೇಳಿ. ಈ ಸಂಸ್ಥೆಯನ್ನು ನಡೆಸುವವರಲ್ಲಿ ಆ ಊರಿನವರು ಯಾರಿದ್ದಾರೆ? ನಮ್ಮ ಹಣದಲ್ಲಿ ಮೇಷ್ಟರ ಸಂಬಳಕ್ಕೆ ಎಷ್ಟು ಹೋಗುತ್ತದೆ? ಕಟ್ಟಡಕ್ಕೆ ಕೊಟ್ಟರೆ ಕಲ್ಲಿನ ಮೇಲೆ ಹೆಸರು ಬರುತ್ತದೆ, ಸಂಬಳಕ್ಕೆ ಕೊಟ್ಟರೆ ಬರುವುದಿಲ್ಲ. ದಯವಿಟ್ಟು ಸಂಬಳಕ್ಕೆ ಕೊಡಿ. ಒಮ್ಮೆ ಕೊಟ್ಟು ಮರೆಯದೆ, ವರ್ಷವರ್ಷವೂ ಕೊಡಿ.