ಹರೆಯದ ಮಕ್ಕಳಿಗೂ ಒಂದು ಕಪಾಟು
(ಮಿಲ್ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಅಕ್ಕಿ ಬೇಳೆಯ ದರ ಇವನ್ನೆಲ್ಲ ಬಿಟ್ಟು ಗ್ರಂಥಾಲಯದ ಮಾತೆತ್ತಿದರೆ, ಇವರಿಗೆ ಬೇರೆ ಕೆಲಸವಿಲ್ಲವೆ ಎಂದು ಕೆಲವರಿಗೆ ಅನ್ನಿಸಬಹುದು. ಅಂಥವರು ಮನೆಗೆ ಹೋದ ಮೇಲೆ ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ತೆಗೆದು ನೋಡಬೇಕೆಂದು ನಮ್ಮ ವಿನಂತಿ. ಗ್ರಂಥಾಲಯ ಕರವೆಂಬುದು ಆ ತೆರಿಗೆಯೊಡನೆಯೇ ವಸೂಲಾಗುತ್ತದೆ. ನಮ್ಮ ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆಯಿತು. ಅದರ ಮೇರೆಗೆ ಈಗ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಬೀಳುತ್ತದೆ. ಸಾವಿರ ರೂಪಾಯಿ ತೆರಿಗೆ ಕಟ್ಟುವವನು ಗ್ರಂಥಾಲಯಕ್ಕೆಂದೇ 60 ರೂಪಾಯಿ ಕೊಟ್ಟ ಹಾಗಾಯಿತು. ಸ್ವಂತ ಮನೆಯಿಲ್ಲದ ಕಾರ್ಮಿಕನೂ, ಬಾಡಿಗೆ ಮಳಿಗೆಯಲ್ಲಿ ಕುಳಿತ ವರ್ತಕನೂ ಇದರಿಂದ ತಪ್ಪಿಸಿಕೊಂಡಿಲ್ಲ. ಮಾಲೀಕ ಅದನ್ನು ಬಾಡಿಗೆಯಲ್ಲೇ ಸೇರಿಸಿ ತೆಗೆದುಕೊಳ್ಳುತ್ತಾನೆ. ಆದ್ದರಿಂದ ಗ್ರಂಥಾಲಯ ಯಾರೋ ಮಾಡಿದ ಧರ್ಮವಲ್ಲ. ಅದು ನಮ್ಮ ಬೆವರಿನ ಹಣದಿಂದ ನಡೆಯುವ ನಮ್ಮ ಸಂಸ್ಥೆ.

ಇನ್ನು, ಆ ಹಣಕ್ಕೆ ನಮ್ಮ ಮಕ್ಕಳಿಗೆ ಸಿಗುವುದೇನು? ಯಾವುದಾದರೂ ಶಾಖಾ ಗ್ರಂಥಾಲಯದೊಳಕ್ಕೆ ಹೋಗಿ ನೋಡಿ. ಒಂದು ಕಡೆ ಬಣ್ಣದ ಚಿತ್ರದ ಪುಸ್ತಕಗಳು, ಪಂಚತಂತ್ರ, ತೆನಾಲಿ ರಾಮನ ಕಥೆಗಳು. ಇವು ಹತ್ತು ಹನ್ನೆರಡು ವಯಸ್ಸಿನವರೆಗೆ ಸರಿ. ಇನ್ನೊಂದು ಕಡೆ ದೊಡ್ಡವರ ದಪ್ಪ ದಪ್ಪ ಗ್ರಂಥಗಳು. ನಡುವೆ ಪರೀಕ್ಷೆಯ ಗೈಡುಗಳ ರಾಶಿ. ಹದಿಮೂರರಿಂದ ಹದಿನೆಂಟರ ನಡುವಿನ ಹುಡುಗ ಹುಡುಗಿಯರಿಗೆಂದು ಒಂದು ಹಲಗೆಯೂ ಇರುವುದಿಲ್ಲ. ಮೀಸೆ ಚಿಗುರುವ ಹುಡುಗನಿಗೆ ಮೊಲದ ಕಥೆ ಕೊಟ್ಟರೆ ಅವನು ನಾಚುತ್ತಾನೆ. ಗೈಡು ಕೊಟ್ಟರೆ ಓಡುತ್ತಾನೆ.

ಈ ಓಟದಲ್ಲಿ ನಮ್ಮದೂ ಒಂದು ಪಾಪವಿದೆ. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ನಾವು ಮಾಸ್ತರಿಕೆ ಮಾಡುತ್ತಿದ್ದ ದಿನಗಳಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಭೂಗೋಳದ ಪುಸ್ತಕದೊಳಗೆ ಪತ್ತೇದಾರಿ ಕಾದಂಬರಿಯನ್ನಿಟ್ಟು ಓದುತ್ತಿದ್ದ. ಅವನ ತಂದೆ ಮಿಲ್ಲಿನಲ್ಲಿ ರಾತ್ರಿ ಪಾಳಿಯ ಕೆಲಸಗಾರ. ನಾವು ಪುಸ್ತಕ ಕಿತ್ತುಕೊಂಡೆವು, ಎಲ್ಲರೆದುರು ಬೈದೆವು, ಪುಸ್ತಕ ಕೊಟ್ಟ ಗ್ರಂಥಾಲಯದವರಿಗೂ ದೂರು ಹೇಳಿದೆವು. ಹುಡುಗ ಆಮೇಲೆ ಅತ್ತ ತಲೆ ಹಾಕಲಿಲ್ಲ. ಮರುವರ್ಷ ಶಾಲೆಯನ್ನೂ ಬಿಟ್ಟು ಗ್ಯಾರೇಜು ಸೇರಿದ. ಕಾದಂಬರಿ ಕಿತ್ತುಕೊಂಡದ್ದರಿಂದಲೇ ಶಾಲೆ ಬಿಟ್ಟನೆಂದು ಹೇಳಲಾರೆವು. ಮನೆಯ ಬಡತನವೂ ಇತ್ತು. ಆದರೆ ಅವನ ಕೈಯಲ್ಲಿದ್ದ ಒಂದೇ ಪುಸ್ತಕವನ್ನು ಕಿತ್ತುಕೊಂಡವರು ನಾವು, ಅದರ ಬದಲಿಗೆ ಇನ್ನೊಂದನ್ನು ಕೊಡದೆ ಹೋದವರೂ ನಾವೇ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ ಓದಿನ ರುಚಿ ಹಿಡಿದು ಮುಂದೆ ದೊಡ್ಡ ಸಾಹಿತ್ಯಕ್ಕೆ ಬಂದವರು ಕನ್ನಡ ನಾಡಿನಲ್ಲಿ ಎಷ್ಟೋ ಜನ ಎಂಬುದು ನಮಗೆ ತಿಳಿದದ್ದು ತಡವಾಗಿ. ಮೆಟ್ಟಿಲು ಚಿಕ್ಕದೆಂದು ಒಡೆದು ಹಾಕುವುದಲ್ಲ, ಅದರ ಮೇಲೊಂದು ಮೆಟ್ಟಿಲು ಕಟ್ಟಬೇಕು.

ಹಾಗೆ ಕಟ್ಟಲು ಕನ್ನಡದಲ್ಲಿ ಪುಸ್ತಕಗಳಿಲ್ಲವೆ? ಇವೆ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಮಕ್ಕಳ ಕೈಗಿತ್ತರು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂತು. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟವರ ಆ ಕಥೆಯನ್ನು ಹದಿನೈದರ ಹುಡುಗನ ಕೈಗೆ ಕೊಟ್ಟು ನೋಡಿ, ಊಟಕ್ಕೆ ಕರೆದರೂ ಏಳುವುದಿಲ್ಲ. ಜಪಾನಿನ 'ತೊತ್ತೊ-ಚಾನ್' ಕನ್ನಡದಲ್ಲಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡಕ್ಕೆ ಮೊದಲ ವರ್ಷ ಅದು ಬಂದದ್ದು ಬೊಳುವಾರು ಮಹಮದ್ ಕುಂಞಿಯವರಿಗೆ, ಗಾಂಧೀಜಿಯ ಬಾಲ್ಯದಿಂದ ಹೊರಟ ಕಥನಕ್ಕೆ. ಇವು ಯಾವುವೂ ಉಳ್ಳವರ ಮಕ್ಕಳಿಗೆ ಮಾತ್ರ ಬರೆದ ಪುಸ್ತಕಗಳಲ್ಲ. ಕೊಂಡು ಓದಲು ನಮ್ಮ ಮಕ್ಕಳ ಬಳಿ ಕಾಸಿಲ್ಲ, ಅಷ್ಟೇ. ಅದಕ್ಕಾಗಿಯೇ ಅಲ್ಲವೆ ಸಾರ್ವಜನಿಕ ಗ್ರಂಥಾಲಯ?

ಹಾಗಾದರೆ ಹೊಸ ಪುಸ್ತಕ ಕಪಾಟಿಗೆ ಏಕೆ ಬರುವುದಿಲ್ಲ? ಮೊದಲನೆಯದಾಗಿ, ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಕರವನ್ನು ಗ್ರಂಥಾಲಯಕ್ಕೆ ದಾಟಿಸದೆ ತಾವೇ ಇಟ್ಟುಕೊಳ್ಳುತ್ತವೆ ಎಂಬ ದೂರು ಎಷ್ಟೋ ಊರುಗಳಲ್ಲಿ ಹಳೆಯದು. ಎರಡನೆಯದಾಗಿ, ಸರ್ಕಾರದ ಸಗಟು ಖರೀದಿ ಸಮಯಕ್ಕೆ ಸರಿಯಾಗಿ ನಡೆಯುವುದಿಲ್ಲ. ಅಚ್ಚಾದ ಪುಸ್ತಕ ಕಪಾಟು ಸೇರುವ ಹೊತ್ತಿಗೆ ಹಳತಾಗಿರುತ್ತದೆ. ಮೂರನೆಯದು ನಮ್ಮ ತಪ್ಪು. ನಾವು ಕೇಳುವುದಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ ಕೊಡ ಹಿಡಿದು ಪುರಸಭೆಗೆ ನುಗ್ಗುತ್ತೇವೆ. ಕಪಾಟು ಬರಿದಾಗಿದ್ದರೆ ಯಾರೂ ನುಗ್ಗುವುದಿಲ್ಲ.

ಭಾರತದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು ಮೊದಲು ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931ರಲ್ಲಿ ಅವರು ಐದು ಸೂತ್ರಗಳನ್ನು ಕೊಟ್ಟರು. ಓದುಗ ಯಾರೇ ಆಗಲಿ ಅವನಿಗೆ ತಕ್ಕ ಪುಸ್ತಕ ದೊರೆಯಬೇಕೆಂಬುದು ಅದರಲ್ಲೊಂದು. ಓದುಗ ಯಾರೇ ಆಗಲಿ ಎಂದಮೇಲೆ ಕೂಲಿಯವನ ಮಗಳೂ ಅದರಲ್ಲಿ ಸೇರಿದಳು.

ಆ ಮಗಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಗ್ರಂಥಾಲಯದ ಮೇಜಿನ ಸುತ್ತ ಗಂಡಸರೇ ಪತ್ರಿಕೆ ಹರಡಿಕೊಂಡು ಕುಳಿತಿದ್ದರೆ ಹದಿನಾಲ್ಕರ ಹುಡುಗಿ ಹೊಸಲು ದಾಟುವುದಿಲ್ಲ. ದಾಟಿದರೂ ನಿಲ್ಲುವುದಿಲ್ಲ. ತಮ್ಮನಿಗೆ ಸದಸ್ಯತ್ವ ಮಾಡಿಸುವ ತಂದೆ ಅಕ್ಕನಿಗೂ ಮಾಡಿಸಬೇಕು. ಅವಳಿಗೆಂದು ಒಂದು ಮೇಜನ್ನು ಬಿಡಿಸಿಕೊಡುವುದು ನಮ್ಮೆಲ್ಲರ ಕೆಲಸ.

ಆದಕಾರಣ ನಮ್ಮ ಬೇಡಿಕೆಗಳು ಇಷ್ಟು:

ಒಂದು, ಗ್ರಂಥಾಲಯ ಕರವಾಗಿ ಎಷ್ಟು ವಸೂಲಾಯಿತು, ಎಷ್ಟು ದಾಟಿಸಿದರು ಎಂಬ ಲೆಕ್ಕವನ್ನು ಪ್ರತಿವರ್ಷ ಗ್ರಂಥಾಲಯದ ಬಾಗಿಲಲ್ಲೇ ಹಚ್ಚಬೇಕು.

ಎರಡು, ಹದಿಮೂರರಿಂದ ಹದಿನೆಂಟರವರಿಗೆ ಪ್ರತ್ಯೇಕ ಕಪಾಟು ಇಡಬೇಕು. ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕನ್ನಡ ಪುಸ್ತಕಗಳಿಂದಲೇ ಅದನ್ನು ಆರಂಭಿಸಬಹುದು.

ಮೂರು, ಸದಸ್ಯತ್ವ ಉಚಿತವಾಗಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18ರವರೆಗಿನ ಮಕ್ಕಳಿಗೆ ಉಚಿತ ಸದಸ್ಯತ್ವ ಬಂದಿದೆ. ಹಳ್ಳಿಯಲ್ಲಿ ಆಗುವುದು ಪಟ್ಟಣದಲ್ಲಿ ಏಕೆ ಆಗಬಾರದು? ಬಾಡಿಗೆ ಮನೆಯವನ ಮಗನಿಗೆ ಠೇವಣಿ, ಜಾಮೀನು ಎಂದರೆ ಬಾಗಿಲು ಮುಚ್ಚಿದ ಹಾಗೆಯೇ.

ನಾಲ್ಕು, ಯಾವ ಪುಸ್ತಕ ಬೇಕೆಂದು ಮಕ್ಕಳೇ ಬರೆಯುವ ಒಂದು ಪುಸ್ತಕ ಅಲ್ಲಿರಬೇಕು. ಅದರಲ್ಲಿ ಬರೆದದ್ದು ಖರೀದಿಯ ಪಟ್ಟಿಗೆ ಹೋಗಬೇಕು.

ಹುಡುಗರು ಮೊಬೈಲು ಬಿಡುವುದಿಲ್ಲವೆಂದು ಕೆಲವು ತಂದೆಯರು ನಮ್ಮಲ್ಲಿ ಗೊಣಗುತ್ತಾರೆ. ಒಂದು ಕೈಯಿಂದ ಅದನ್ನು ಬಿಡಿಸಬೇಕಾದರೆ ಇನ್ನೊಂದು ಕೈಯಲ್ಲಿ ಏನಾದರೂ ಇರಬೇಕಲ್ಲ? ಬರಿಗೈಯಲ್ಲಿ ಬೈದು ಕೆಟ್ಟವರು ನಾವು. ನೀವು ಹಾಗೆ ಮಾಡಬೇಡಿ.

ಬರುವ ಭಾನುವಾರ ಬೆಳಗ್ಗೆ ಗ್ರಂಥಾಲಯದ ಮುಂದೆ ಸೇರೋಣ. ತೆರಿಗೆ ರಸೀದಿ ಇದ್ದವರು ರಸೀದಿ ತನ್ನಿ, ಇಲ್ಲದವರು ಮಕ್ಕಳನ್ನು ಕರೆತನ್ನಿ. ಬೇಡಿಕೆ ಪತ್ರಕ್ಕೆ ಮೊದಲ ಸಹಿ ಮಕ್ಕಳದಾಗಲಿ. ಆ ಗ್ಯಾರೇಜಿನ ಹುಡುಗನಿಗೆ ಈಗ ಮದುವೆಯಾಗಿ ಮಗಳಿದ್ದಾಳೆ. ಅವನನ್ನು ನಾವೇ ಹೋಗಿ ಕರೆದಿದ್ದೇವೆ. ಬರುತ್ತೇನೆಂದಿದ್ದಾನೆ.